ಮೋಡ ಕರೆಯುವ ದುರ್ಬೀನು

ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದವರಿಗೆ ಬರುತ್ತದೆ ಎಂದೂ, ಬರುತ್ತಿದೆ ಆದರೆ ಕೆಂಪಗಿದೆ ಎಂದವರಿಗೆ ತಿಳಿಯಾಗುತ್ತದೆ ಎಂದೂ ಸಮಾಧಾನ ಹೇಳುವುದು ಅವನ ಉದ್ಯೋಗ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕುಳಿತು ಕುಳಿತು ಊರವರ ಬಾಯಲ್ಲಿ ಅವನ ಹೆಸರೇ ದೂರಣ್ಣ ಎಂದಾಗಿತ್ತು. ದೂರಣ್ಣ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿಲ್ಲದಿದ್ದರೂ ಸುಮ್ಮನಿರುವುದು ಅವನಿಗೆ ಬರುತ್ತಿರಲಿಲ್ಲ. ಅವನಿಗೆ ಒದಗಿದ ಸಕಲ ಸಂಕಟಗಳ ಮೂಲ ಇದೊಂದೇ.

ಹೊಸದಾಗಿ ವರ್ಗವಾಗಿ ಬಂದ ಮುಖ್ಯ ಇಂಜಿನಿಯರ್ ಸಾಹೇಬರು ಮೊದಲ ದಿನವೇ ಸಿಬ್ಬಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ, "ಒಬ್ಬೊಬ್ಬರೇ ನಿಮ್ಮ ಹವ್ಯಾಸ ಏನು ಹೇಳಿ. ಹವ್ಯಾಸ ಇಲ್ಲದ ಮನುಷ್ಯ ಅಂದ್ರೆ ಒಣಗಿದ ಪೈಪು," ಎಂದರು. ಉಗ್ರಾಣದವರು ಅಂಚೆಚೀಟಿ ಸಂಗ್ರಹ ಎಂದರು. ಟೈಪಿಸ್ಟ್ ಅಮ್ಮ ಹೊಲಿಗೆ ಎಂದರು. ಕ್ಯಾಷಿಯರು ಬ್ಯಾಡ್ಮಿಂಟನ್ ಎಂದಾಗ ಅವರ ಹೊಟ್ಟೆಯ ಪರಿಚಯವಿದ್ದವರೆಲ್ಲ ತಲೆ ತಗ್ಗಿಸಿ ನೆಲ ನೋಡಿದರು. ಸರದಿ ದೂರಣ್ಣನಿಗೆ ಬಂತು. ಊಟವಾದ ಮೇಲೆ ಒಂದು ನಿದ್ದೆ ಎಂಬ ನಿಜ ಅವನ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ನಿಂತು, ವಾಪಸು ಹೋಯಿತು. ಅವನು ದಿಕ್ಕು ತೋಚದೆ ಕಿಟಕಿಯಾಚೆ ನೋಡಿದ. ಅಲ್ಲಿ ಆಕಾಶವಿತ್ತು.

"ನಕ್ಷತ್ರ ವೀಕ್ಷಣೆ, ಸಾರ್."

ಸಾಹೇಬರ ಹುಬ್ಬು ಮೇಲೇರಿತು. "ಭೇಷ್! ಇಂಥವರು ಬೇಕು ನಮ್ಮ ಇಲಾಖೆಗೆ. ಒಂದು ದಿನ ನಮಗೂ ಶನಿ ತೋರಿಸ್ರೀ. ಅದಕ್ಕೆ ಉಂಗುರ ಇದೆಯಂತಲ್ಲ?"

"ಇದೆ ಸಾರ್. ಖಂಡಿತ ತೋರಿಸ್ತೀನಿ," ಎಂದ, ಚಂದ್ರನೊಬ್ಬನನ್ನು ಬಿಟ್ಟು ಆಕಾಶದಲ್ಲಿ ಇನ್ನಾರ ಗುರುತೂ ಇಲ್ಲದ ದೂರಣ್ಣ.

ಅಂದು ಸಂಜೆಯೇ ಅವನು ಔಷಧಿ ಅಂಗಡಿಗೆ ಓಡಿದ. ಆ ಅಂಗಡಿಯವರು ಊರಿನ ಏಕೈಕ ನಿಜವಾದ ನಕ್ಷತ್ರಪ್ರಿಯರು. ಮಾತು ಕಡಿಮೆ, ಮಾತ್ರೆ ಜಾಸ್ತಿ. ಅವರ ಬಳಿ ಎರಡು ದುರ್ಬೀನುಗಳಿದ್ದವು. ಹಳೆಯದನ್ನು ದೂರಣ್ಣನಿಗೆ ಮಾರಿ, ಅದರ ಮುಕ್ಕಾಲಿಯನ್ನು ಬಿಡಿಸುವುದು ಹೇಗೆ, ಕೊಳವೆಯನ್ನು ಕೂರಿಸುವುದು ಹೇಗೆ ಎಂದು ತೋರಿಸಿ, ಕೊನೆಯಲ್ಲಿ ಮದ್ದು ಕೊಡುವವರ ಗಾಂಭೀರ್ಯದಿಂದ ಹೇಳಿದರು: "ಈ ಹವ್ಯಾಸಕ್ಕೆ ಇಬ್ಬರು ಶತ್ರುಗಳು. ಒಂದು ಮೋಡ, ಇನ್ನೊಂದು ಬೀದಿದೀಪ. ಮೋಡಕ್ಕೆ ಏನೂ ಮಾಡೋಕಾಗಲ್ಲ. ದೀಪಕ್ಕೂ ಏನೂ ಮಾಡೋಕಾಗಲ್ಲ."

ತೊಟ್ಟಿಲಿನಷ್ಟು ಉದ್ದದ ಪೆಟ್ಟಿಗೆಯನ್ನು ಹೊತ್ತು ಗಂಡ ಒಳಗೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದಳು.

"ಏನ್ರೀ ಇದು?"

"ದೂರದರ್ಶಕ. ಶನಿ ನೋಡೋದಕ್ಕೆ."

"ಅದಕ್ಕೆ ದುಡ್ಡು ಬೇರೆ ಕೊಟ್ರಾ? ನನಗೆ ಬಿಟ್ಟಿಯಾಗಿ ದಿನಾ ಕಾಣಿಸುತ್ತೆ," ಎಂದು ಅವಳು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ದಾರಿ ಬಿಟ್ಟಳು.

ಸಾಹೇಬರನ್ನು ಕರೆಯುವ ಮೊದಲು ಮನೆಮಂದಿಯೊಡನೆ ಒಂದು ತಾಲೀಮು ಆಗಲಿ ಎಂದು ದೂರಣ್ಣ ಆ ಶನಿವಾರ ತಾರಸಿಯ ಮೇಲೆ ನಕ್ಷತ್ರಕೂಟ ಏರ್ಪಡಿಸಿದ. ಆಗಲೇ ಅವನಿಗೆ ಎರಡನೆಯ ಶತ್ರುವಿನ ದರ್ಶನವಾಯಿತು. ಬೀದಿದೀಪ ಸರಿಯಾಗಿ ತಾರಸಿಯ ಎತ್ತರದಲ್ಲೇ ಇತ್ತು. ಇಷ್ಟು ವರ್ಷ ಅದರ ಬೆಳಕಲ್ಲಿ ಪುಕ್ಕಟೆಯಾಗಿ ಪತ್ರಿಕೆ ಓದಿದವನಿಗೆ ಈಗ ಅದು ಹಗೆಯಾಯಿತು. ಉದ್ದನೆಯ ಕೋಲಿನ ತುದಿಗೆ ಪ್ಲಾಸ್ಟಿಕ್ ಬಕೆಟ್ಟು ಕಟ್ಟಿ, ತಾರಸಿಯಿಂದಲೇ ಬಾಗಿ, ದೀಪದ ತಲೆಗೆ ತೊಡಿಸಿದ. ಬಕೆಟ್ಟು ಹಸಿರಾಗಿದ್ದರಿಂದ ಬೀದಿಯೆಲ್ಲ ಹಸಿರಾಯಿತು. ಆ ಬೆಳಕಿನಲ್ಲಿ ನಡೆದು ಹೋಗುತ್ತಿದ್ದವರು ಒಬ್ಬರನ್ನೊಬ್ಬರು ನೋಡಿ ಆರೋಗ್ಯ ವಿಚಾರಿಸಿಕೊಂಡರು.

ಎದುರುಮನೆಯ ನಿವೃತ್ತ ಹೆಡ್ ಮೇಡಂ ಅವರ ದೀಪ ಇನ್ನೂ ದೊಡ್ಡ ತೊಡಕು. ಕಳ್ಳರ ಭಯಕ್ಕೆ ಅವರು ಗೇಟಿನ ಮೇಲೆ ಆಟದ ಮೈದಾನಕ್ಕೆ ಹಾಕುವಂಥ ದೀಪ ಹಾಕಿಸಿದ್ದರು. ದೂರಣ್ಣ ಕೈ ಹಿಸುಕುತ್ತ ಹೋಗಿ ನಿಂತ.

"ಮೇಡಂ, ಇವತ್ತೊಂದು ಸಂಜೆ ಆ ದೀಪ ಆರಿಸ್ತೀರಾ?"

"ಯಾಕೆ?"

"ಕತ್ತಲೆ ಬೇಕಾಗಿತ್ತು."

"ಯಾರಿಗೆ?"

"ನಮಗೇ. ಒಂದಷ್ಟು ಜನ ಸೇರ್ತಾ ಇದ್ದೀವಿ."

ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಹೆಡ್ ಮೇಡಂ ಕನ್ನಡಕ ಸರಿಪಡಿಸಿಕೊಂಡರು. "ಕತ್ತಲೆ ಮಾಡಿ ಸೇರೋರು ಏನು ಮಾಡ್ತಾರೆ ಅಂತ ನನಗೆ ಗೊತ್ತಿಲ್ಲವಾ? ಇಸ್ಪೀಟಾ?"

"ಅಯ್ಯೋ ಇಲ್ಲ ಮೇಡಂ! ಶನಿ ತೋರಿಸ್ತೀನಿ."

"ನೋಡು, ಹೆದರಿಸಿದ್ರೆ ಪೊಲೀಸರಿಗೆ ಫೋನ್ ಮಾಡ್ತೀನಿ."

ಬಹಳ ವಿವರಣೆಯ ನಂತರ ಮೇಡಂ ಒಂದು ಷರತ್ತಿನ ಮೇಲೆ ಒಪ್ಪಿದರು. ದೀಪ ಆರಿಸುವವರು ತಾವಾದ್ದರಿಂದ ದುರ್ಬೀನಿನಲ್ಲಿ ಮೊದಲು ನೋಡುವವರೂ ತಾವೇ. ಕುರ್ಚಿ, ಶಾಲು, ಟಾರ್ಚುಗಳೊಂದಿಗೆ ಅವರು ತಾರಸಿಗೆ ಬಂದರು. ನಕ್ಷತ್ರಕೂಟದಲ್ಲಿ ಕೂಟ ಎಂಬುದನ್ನಷ್ಟೇ ಕೇಳಿಸಿಕೊಂಡು ಔತಣವೆಂದುಕೊಂಡ ಹೆಂಡತಿಯ ತಮ್ಮ ಮಧ್ಯಾಹ್ನದ ಊಟ ಬಿಟ್ಟು ಬಂದಿದ್ದ.

"ಭಾವ, ಎಲ್ಲಾ ಸರಿ, ಊಟ ಎಲ್ಲಿ?"

"ಮೊದಲು ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ಸುಮ್ನೆ ಕೂತ್ಕೋ."

"ಕಣ್ಣು ಹೊಂದಿಕೊಳ್ಳುತ್ತೆ ಭಾವ. ಹೊಟ್ಟೆ ಹೊಂದಿಕೊಳ್ಳಲ್ಲ."

ಮೇಡಂ ಗೇಟಿನ ದೀಪ ಆರಿತು, ಎಲ್ಲರ ಕಣ್ಣೂ ಕತ್ತಲೆಗೆ ಹೊಂದಿಕೊಂಡಿತು. ದೂರಣ್ಣ ದುರ್ಬೀನಿನ ಮುಚ್ಚಳ ತೆಗೆದ. ಅಷ್ಟನ್ನೇ ಕಾಯುತ್ತಿತ್ತೋ ಎಂಬಂತೆ ಎಲ್ಲಿಂದಲೋ ಬಂದ ಒಂದು ಮೋಡ ತಾರಸಿಯ ನೆತ್ತಿಯ ಮೇಲೆ ನಿಂತು, ಹನಿಯಲ್ಲ, ಧಾರೆಯಾಗಿ ಸುರಿಯಿತು. ಹೆಡ್ ಮೇಡಂ ಕುರ್ಚಿಯನ್ನೇ ತಲೆಯ ಮೇಲೆ ಹೊತ್ತು ಇಳಿದರು.

ಮುಂದಿನ ವಾರ ಮತ್ತೆ ಕೂಟ, ಮತ್ತೆ ಮಳೆ. ಮೂರನೆಯ ಸಲ ದೂರಣ್ಣ ಹವಾಮಾನದವರ ಮಾತು ಕೇಳಿ, ಔಷಧಿ ಅಂಗಡಿಯವರನ್ನು ಕೇಳಿ, ತಾರಸಿಯಲ್ಲಿ ನಿಂತು ನಾಲ್ಕು ದಿಕ್ಕಿಗೂ ಕೈ ಅಡ್ಡ ಹಿಡಿದು ನೋಡಿ, ಅಂಗೈಯಗಲ ಮೋಡವೂ ಇಲ್ಲವೆಂದು ಖಾತರಿ ಮಾಡಿಕೊಂಡು ಮುಚ್ಚಳ ತೆಗೆದ. ಆ ದಿನ ಆಲಿಕಲ್ಲು ಬಿತ್ತು.

ಇದನ್ನೆಲ್ಲ ಗಮನಿಸುತ್ತಿದ್ದವನು ಬೀದಿಯ ಕೊನೆಯ ಲಾಂಡ್ರಿಯವನು. ಮೂರು ಸಲವೂ ಅವನು ಒಣಹಾಕಿದ ಬಟ್ಟೆ ತೊಯ್ದು ತೊಪ್ಪೆಯಾಗಿತ್ತು. ನಾಲ್ಕನೆಯ ವಾರ ಅವನು ಅಂಗಡಿಯಿಂದ ಎದ್ದು ಬಂದು ದೂರಣ್ಣನ ಕೈ ಹಿಡಿದುಕೊಂಡ.

"ಅಣ್ಣಾ, ಈ ಶನಿವಾರ ದುರ್ಬೀನು ಹಾಕ್ತೀರಾ?"

ದೂರಣ್ಣನಿಗೆ ಹಿಗ್ಗಾಯಿತು. "ಯಾಕಪ್ಪ, ನೋಡೋಕೆ ಬರ್ತೀಯಾ?"

"ನೋಡೋಕಲ್ಲ ಅಣ್ಣಾ. ಹೊದಿಕೆ ಒಗೆಯೋದು ಇದೆ. ನೀವು ಹಾಕಲ್ಲ ಅಂದ್ರೆ ಒಗೀತೀನಿ."

ಮಾತು ಬಟ್ಟೆಗಂಟುಗಳ ಜೊತೆ ಮನೆಮನೆಗೆ ಹೋಯಿತು. ದೂರಣ್ಣ ಒಂದೇ ತಿಂಗಳಲ್ಲಿ ಮೋಡಣ್ಣನಾದ. ಮಗಳ ಮದುವೆ ಇಟ್ಟುಕೊಂಡ ಬೇಕರಿಯವರು ಒಂದು ಕೇಕು ತಂದಿಟ್ಟು, "ಆ ಎರಡು ದಿನ ಪೆಟ್ಟಿಗೆ ಮುಟ್ಟಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದರು. ಕ್ರಿಕೆಟ್ ತಂಡದ ನಾಯಕ ಏದುಸಿರು ಬಿಡುತ್ತ ಬಂದು, "ಅಂಕಲ್, ಸೋಲೋ ಹಾಗಿದೀವಿ, ಒಂದೈದು ನಿಮಿಷ ಮುಚ್ಚಳ ತೆಗೀರಿ," ಎಂದು ಬೇಡಿದ. ದೂರಣ್ಣ ಅವನನ್ನು ಬೈದು ಅಟ್ಟಿದ. ಬೈಯುವ ಭರದಲ್ಲಿ ಕೈ ತಾಗಿ ಮುಚ್ಚಳ ಬಿತ್ತೋ ಏನೋ, ಆಟ ಮಳೆಗೆ ನಿಂತುಹೋಯಿತು. ಮರುದಿನ ಆ ತಂಡದವರು ಅವನಿಗೆ ಒಂದು ಟೋಪಿ ಉಡುಗೊರೆ ಕೊಟ್ಟರು.

ದೂರಣ್ಣನಿಗೆ ನಾಚಿಕೆಯಾಯಿತು. ತನ್ನನ್ನು ಖಗೋಳಜ್ಞನೆಂದು ಜನ ಕರೆಯಲೆಂದು ಹೊರಟವನನ್ನು ಜನ ತೆರೆದು ಮುಚ್ಚುವ ಮಳೆಯ ನಲ್ಲಿಯಂತೆ ಕಾಣುತ್ತಿದ್ದರು. ಅವನು ದುರ್ಬೀನನ್ನು ಮಂಚದಡಿಗೆ ತಳ್ಳಿದ. ಸಾಹೇಬರು ಎದುರಾದರೆ ಬೇರೆ ದಾರಿ ಹಿಡಿದ.

ಆಮೇಲೆ ಮಳೆ ಬರಲಿಲ್ಲ.

ಬರಬೇಕಾದ ಕಾಲದಲ್ಲೂ ಬರಲಿಲ್ಲ. ಜಲಾಶಯದಲ್ಲಿ ನೀರು ತಳ ಕಂಡಿತು. ನಲ್ಲಿ ದಿನ ಬಿಟ್ಟು ದಿನ ಕೆಮ್ಮಿ, ಆಮೇಲೆ ಕೆಮ್ಮುವುದನ್ನೂ ಬಿಟ್ಟಿತು. ದೂರು ವಿಭಾಗದ ಮುಂದೆ ಜನ ಕೊಡ ಹಿಡಿದು ನಿಂತರು. ಮೊದಮೊದಲು ನೀರೆಲ್ಲಿ ಎಂದು ಕೇಳುತ್ತಿದ್ದವರು ಒಂದು ದಿನ ಬೇರೆಯೇ ಧಾಟಿ ಹಿಡಿದರು. ಎಲ್ಲರಿಗಿಂತ ಮುಂದಿದ್ದವರು ಹೆಡ್ ಮೇಡಂ.

"ನೀನು ಆ ಕೊಳವೆ ಒಳಗಿಟ್ಟ ಮೇಲೆ ತಾನೇ ಇದೆಲ್ಲ ಆಗಿದ್ದು?"

"ಮೇಡಂ, ನೀವು ವಿದ್ಯಾವಂತರು. ಹೀಗೆ ಹೇಳಬಹುದಾ?"

"ನಾನು ನಂಬೋದಿಲ್ಲ," ಎಂದರು ಮೇಡಂ ಖಡಾಖಂಡಿತವಾಗಿ. "ಆದರೂ ಒಂದು ಸಲ ಹೊರಗಿಟ್ಟರೆ ನಿನ್ನ ಗಂಟೇನು ಹೋಗುತ್ತೆ?"

ಸಾಹೇಬರ ಅಂಗಿಗಳನ್ನು ಇಸ್ತ್ರಿ ಮಾಡುತ್ತಿದ್ದವನೂ ಅದೇ ಲಾಂಡ್ರಿಯವನಾದ್ದರಿಂದ ವಿಷಯ ಮೇಲಧಿಕಾರಿಗಳಿಗೆ ತಲುಪಲು ತಡವಾಗಲಿಲ್ಲ. ಸಾಹೇಬರು ದೂರಣ್ಣನನ್ನು ಕೋಣೆಗೆ ಕರೆಸಿ, ಬಾಗಿಲು ಹಾಕಿಸಿ, ದನಿ ತಗ್ಗಿಸಿದರು.

"ನೀವು ನಕ್ಷತ್ರ ನೋಡೋದು ನಿಲ್ಲಿಸಿ ಎಷ್ಟು ದಿನ ಆಯ್ತ್ರೀ?"

"ಆಯ್ತು ಸಾರ್, ಸುಮಾರು ದಿನ."

"ಮಳೆ ನಿಂತೂ ಅಷ್ಟೇ ದಿನ ಆಯ್ತಲ್ಲ?"

"ಅದು ಕಾಕತಾಳೀಯ ಸಾರ್."

"ಖಂಡಿತ ಕಾಕತಾಳೀಯ. ನಾನು ಇಂಜಿನಿಯರು, ನನಗೆ ಹೇಳ್ಬೇಕಾ? ಇಂಥದನ್ನೆಲ್ಲ ನಾನು ನಂಬೋನಲ್ಲ." ಸಾಹೇಬರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಈ ಭಾನುವಾರ ನೀರಿನ ಟ್ಯಾಂಕಿನ ಮೈದಾನದಲ್ಲಿ ಇಲಾಖೆಯ ವತಿಯಿಂದ ನಕ್ಷತ್ರ ವೀಕ್ಷಣೆ. ಇದು ಆದೇಶ ಅಲ್ಲ. ಆದರೆ ಮಾಡಲೇಬೇಕು."

"ಸಾರ್, ಮಳೆ ಬರದೇ ಹೋದ್ರೆ?"

"ನಕ್ಷತ್ರ ನೋಡೋಕೆ ಸೇರೋದು, ಮಳೆ ಮಾತು ಯಾಕ್ರೀ ಎತ್ತುತೀರಿ?" ಎಂದು ಗದರಿದ ಸಾಹೇಬರು ಮರುಕ್ಷಣವೇ, "ಕತ್ತಲೆ ಪೂರ್ತಿ ಇರ್ಬೇಕಂತಲ್ಲ? ಬೆಳಕಿದ್ರೆ ಮೋಡ ಬರಲ್ಲ ಅಂದ ಲಾಂಡ್ರಿಯವನು," ಎಂದರು.

"ಕತ್ತಲೆ ಬೇಕಾಗಿರೋದು ನಕ್ಷತ್ರಕ್ಕೆ ಸಾರ್, ಮೋಡಕ್ಕಲ್ಲ."

"ಅದೇ, ಅದೇ. ನಾನು ವಿದ್ಯುತ್ ಕಚೇರಿಯವರ ಜೊತೆ ಮಾತಾಡ್ತೀನಿ. ಇಡೀ ಊರಿನ ದೀಪ ಆರಿಸಿಬಿಡೋಣ. ಯಾವುದರಲ್ಲೂ ಕೊರತೆ ಆಗ್ಬಾರದು."

ದೂರಣ್ಣ ಹೊರಗೆ ಬಂದಾಗ ಅವನ ಗಂಟಲ ಪಸೆ ಜಲಾಶಯದ ಮಟ್ಟಕ್ಕೆ ಇಳಿದಿತ್ತು. ನೇರ ಔಷಧಿ ಅಂಗಡಿಗೆ ಹೋಗಿ, "ತಪ್ಪಿಸಿಕೊಳ್ಳೋದಕ್ಕೆ ಏನಾದ್ರೂ ಕಾಯಿಲೆ ಹೇಳಿ," ಎಂದು ಅಂಗಲಾಚಿದ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಕೈಯಲ್ಲಿದ್ದ ಮಾತ್ರೆಯ ಹಾಳೆಯನ್ನು ಮೆಲ್ಲಗೆ ಕೆಳಗಿಟ್ಟರು. ಅವರ ಕಣ್ಣು ತೇವವಾಗಿತ್ತು.

"ಇಡೀ ಊರಿನ ದೀಪ ಆರಿಸ್ತಾರಾ?"

"ಹೌದಂತೆ."

"ಇಪ್ಪತ್ತು ವರ್ಷದಿಂದ ಒಂದು ಬೀದಿದೀಪ ಆರಿಸಿ ಅಂತ ಅರ್ಜಿ ಕೊಡ್ತಾ ಇದೀನಿ. ನೀವು ಬಾಯಿ ಮುಚ್ಕೊಂಡು ಒಪ್ಕೊಳ್ಳಿ. ನಾನೂ ಬಂದು ದುರ್ಬೀನು ತಿರುಗಿಸಿ ಕೊಡ್ತೀನಿ. ಮಳೆ ಬಂದ್ರೆ ಬರಲಿ, ನೆನೆಯೋಣ."

ಭಾನುವಾರ ಸಂಜೆ ಟ್ಯಾಂಕಿನ ಮೈದಾನ ತುಂಬಿ ಹೋಯಿತು. ನಕ್ಷತ್ರ ನೋಡಲು ಜನ ಹೇಗೆ ಬರಬೇಕೋ ಹಾಗೆ ಯಾರೂ ಬಂದಿರಲಿಲ್ಲ. ಕೊಡ, ಬಕೆಟ್ಟು, ಹಂಡೆ ಬಂದಿದ್ದವು. ಒಬ್ಬರು ಸಿಂಟೆಕ್ಸ್ ಟ್ಯಾಂಕನ್ನೇ ತಳ್ಳುಗಾಡಿಯಲ್ಲಿ ತಂದಿದ್ದರು. ಎಲ್ಲರ ಕಂಕುಳಲ್ಲೂ ಕೊಡೆ. ಬೇಕರಿಯವರು ಮಳೆಗಾಲದ ವಿಶೇಷವೆಂದು ಬಿಸಿ ಬನ್ನು ಹಾಕಿಸಿದ್ದರಿಂದ ಹೆಂಡತಿಯ ತಮ್ಮ ಈ ಸಲ ಸಂತುಷ್ಟನಾಗಿದ್ದ. ಸಾಹೇಬರು ಹೊಸ ರೈನ್‌ಕೋಟು ತೊಟ್ಟು, ಅದರ ಗುಂಡಿಗಳನ್ನೂ ಹಾಕಿಕೊಂಡು, ಬೆವರುತ್ತ ನಿಂತಿದ್ದರು.

ಹೇಳಿದ ಹೊತ್ತಿಗೆ ಊರಿನ ದೀಪಗಳೆಲ್ಲ ಒಮ್ಮೆಗೇ ಆರಿದವು. ಬೀದಿ, ಅಂಗಡಿ, ಪೆಟ್ರೋಲ್ ಬಂಕು, ಹೆಡ್ ಮೇಡಂ ಗೇಟು, ಎಲ್ಲ. ದೂರಣ್ಣ ಮುಚ್ಚಳ ತೆಗೆದ. ಸಾವಿರ ಜನ ಉಸಿರು ಹಿಡಿದು, ಕೊಡೆಯ ಗುಂಡಿಯ ಮೇಲೆ ಹೆಬ್ಬೆಟ್ಟಿಟ್ಟು, ತಲೆಯೆತ್ತಿದರು.

ಆಕಾಶದಲ್ಲಿ ಒಂದೇ ಒಂದು ಮೋಡ ಇರಲಿಲ್ಲ.

ಇದ್ದದ್ದು ನಕ್ಷತ್ರಗಳು. ಉಪ್ಪಿನ ಡಬ್ಬಿ ಕೈ ಜಾರಿ ಬಿದ್ದಂತೆ, ಎಲ್ಲೆಂದರಲ್ಲಿ, ಇಷ್ಟೊಂದು ಯಾಕೆ ಎಂದು ಕೇಳುವಷ್ಟು. ಆದರೆ ಅದನ್ನು ಕೇಳುವ ಮನಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಹಿಂದಿನಿಂದ ಯಾರೋ ಹಂಡೆ ಬಡಿದರು. "ಮೋಸ!" ಎಂದಿತು ಒಂದು ದನಿ. ಸಾಹೇಬರು ರೈನ್‌ಕೋಟಿನ ಸರಬರ ಸದ್ದು ಮಾಡುತ್ತ ಹತ್ತಿರ ಬಂದರು.

"ಏನ್ರೀ ಇದು? ಒಂದು ಮೋಡ ಇಲ್ಲ!"

"ಸಾರ್, ನಕ್ಷತ್ರ ವೀಕ್ಷಣೆ ಅಂದ್ರೆ ಹೀಗೇ ಇರ್ಬೇಕು."

"ಯಾರಿಗೆ ಬೇಕ್ರೀ ನಕ್ಷತ್ರ? ವಿದ್ಯುತ್ ಕಚೇರಿಯವರಿಗೆ ನಾನೇನು ಹೇಳ್ಲಿ? ಈ ಜನಕ್ಕೆ ಏನು ಹೇಳ್ಲಿ?"

ದೂರಣ್ಣ ಸಾಹೇಬರ ಮುಖ ನೋಡಲಾರದೆ ದುರ್ಬೀನಿಗೆ ಕಣ್ಣು ಕೊಟ್ಟ. ಔಷಧಿ ಅಂಗಡಿಯವರು ಆಗಲೇ ಅದನ್ನು ಹಳದಿ ಚುಕ್ಕೆಯೊಂದರ ಕಡೆ ತಿರುಗಿಸಿ ಇಟ್ಟಿದ್ದರು. ನೋಡಿದವನು ತಲೆ ಎತ್ತಲೇ ಇಲ್ಲ. ಸಾಹೇಬರು ಭುಜ ತಟ್ಟಿದರು, ಎತ್ತಲಿಲ್ಲ. ಹೆಂಡತಿ ಬಂದು ಅಂಗಿ ಎಳೆದಳು.

"ಏನ್ರೀ, ಏನಾಯ್ತು?"

"ಇದೆ ಕಣೇ," ಎಂದ ದೂರಣ್ಣ, ಮಗುವಿನ ದನಿಯಲ್ಲಿ. "ಉಂಗುರ ನಿಜವಾಗ್ಲೂ ಇದೆ."

ಅವಳು ಗಂಡನನ್ನು ಸರಿಸಿ ಬಾಗಿದಳು. "ಅಯ್ಯೋ," ಎಂದಳು ಮೆತ್ತಗೆ. "ಎಷ್ಟು ಪುಟ್ಟದು. ಎಷ್ಟು ಚೊಕ್ಕ. ಇಷ್ಟು ದಿನ ನಿಮ್ಮನ್ನ ಇದಕ್ಕೆ ಹೋಲಿಸಿದ್ದು ತಪ್ಪಾಯ್ತು."

ಮೊದಲು ನೋಡುವ ಹಕ್ಕು ತಮ್ಮದೆಂದು ಹೆಡ್ ಮೇಡಂ ಜನರನ್ನು ಸೀಳಿಕೊಂಡು ಬಂದರು. ನೋಡಿದರು. ಆಮೇಲೆ ದುರ್ಬೀನಿನ ಮುಂದಕ್ಕೆ ಹೋಗಿ ಗಾಜಿನ ಮೇಲೆ ಚಿತ್ರ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಲು ಹೋದವರನ್ನು ಔಷಧಿ ಅಂಗಡಿಯವರು ಕೈಮುಗಿದು ತಡೆದರು. ಮೇಡಂ ಮತ್ತೆ ನೋಡಿದರು. ಕನ್ನಡಕ ತೆಗೆದು ಒರೆಸಿದರು. "ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದಿದೀನಿ ಇದನ್ನ," ಎಂದರು. "ಉಂಗುರ ಇಷ್ಟು ಓರೆಯಾಗಿ ಬರೆದಿರಲಿಲ್ಲ. ಎಲ್ಲಾ ಮಕ್ಕಳಿಗೂ ತಪ್ಪು ಹೇಳಿಕೊಟ್ಟೆ."

ಅವರ ದನಿ ಮೈದಾನದ ತುದಿಗೂ ಕೇಳುವಂಥದ್ದು. ಹಂಡೆ ಬಡಿಯುತ್ತಿದ್ದವರು ನಿಲ್ಲಿಸಿ, ಏನಂತೆ ಎಂದು ವಿಚಾರಿಸಿದರು. ಒಬ್ಬರ ಹಿಂದೆ ಒಬ್ಬರು ನಿಂತರು. ನೀರಿಗಾಗಿ ಸಾಲು ನಿಂತು ಪಳಗಿದ ಊರು. ಕೊಡಗಳನ್ನು ಸರದಿಗೆ ಇಟ್ಟು ಸಾಲು ತಾನೇ ತಾನಾಗಿ ಟ್ಯಾಂಕನ್ನು ಎರಡು ಸುತ್ತು ಹಾಕಿತು. ಲಾಂಡ್ರಿಯವನು ನೋಡಿ ಬಂದು, "ಒಂದು ಸುಕ್ಕಿಲ್ಲ ಅಣ್ಣಾ, ಈಗ ತಾನೇ ಇಸ್ತ್ರಿ ಮಾಡಿಟ್ಟ ಹಾಗಿದೆ," ಎಂದು ಸಾಲಿನ ಕೊನೆಗೆ ಮತ್ತೆ ಓಡಿದ. ನೋಡಿದವರು ನೋಡದವರಿಗೆ ವಿವರಿಸಿದರು. ಯಾರೋ ಮೊಬೈಲಿನ ಟಾರ್ಚು ಹಾಕಿದಾಗ ಸಾವಿರ ಜನ ಒಟ್ಟಿಗೆ, "ದೀಪ ಆರಿಸ್ರೀ!" ಎಂದು ಗುಡುಗಿದರು. ಔಷಧಿ ಅಂಗಡಿಯವರು ಕತ್ತಲಲ್ಲಿ ಮರೆಯಾಗಿ ಕರವಸ್ತ್ರ ಹುಡುಕಿದರು.

ಸಾಹೇಬರು ಮೊದಲು ದೂರ ನಿಂತು ಮುಖ ಸಿಂಡರಿಸಿದರು. ಆಮೇಲೆ ಹತ್ತಿರ ನಿಂತು ಸಿಂಡರಿಸಿದರು. ಕೊನೆಗೆ, "ಎಲ್ಲಿ, ನಾನೂ ಒಂದು ನಿಮಿಷ," ಎನ್ನುತ್ತ ದುರ್ಬೀನಿನ ಕಡೆ ಬಾಗಿದರು.

"ಸಾಲು ಅಲ್ಲಿದೆ," ಎಂದರು ಹೆಡ್ ಮೇಡಂ.

"ನಾನು ಮುಖ್ಯ ಇಂಜಿನಿಯರು."

"ನಿಮ್ಮ ಇಲಾಖೆಯಿಂದಾನೇ ನಮಗೆ ಸಾಲು ನಿಲ್ಲೋದು ರೂಢಿ ಆಗಿರೋದು. ನೀವೂ ಕಲೀರಿ."

ಸಾಹೇಬರು ಹೋಗಿ ಲಾಂಡ್ರಿಯವನ ಹಿಂದೆ ನಿಂತರು. ಸಾಲು ಹೆಜ್ಜೆ ಹೆಜ್ಜೆಯಾಗಿ ಸರಿಯಿತು. ಅವರು ರೈನ್‌ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡರು, ಲಾಂಡ್ರಿಯವನ ಸಂಸಾರದ ಕಥೆ ಕೇಳಿದರು, ತಮ್ಮದನ್ನೂ ಒಂದಿಷ್ಟು ಹೇಳಿದರು. ಲಾಂಡ್ರಿಯವನು ಎರಡನೆಯ ಸಲ ನೋಡಿ, ಮೂರನೆಯ ಸಲಕ್ಕೆ ಸಾಲು ಹಿಡಿಯಲು ಓಡಿದ. ಸಾಹೇಬರ ಸರದಿ ಬಂತು. ಅವರು ಅಂಗಿಯ ತೋಳು ಮಡಿಸಿ, ಗಂಟಲು ಸರಿಮಾಡಿಕೊಂಡು, ಒಂದು ಕಣ್ಣು ಮುಚ್ಚಿ ಬಾಗಿದರು.

"ಏನೂ ಕಾಣಲ್ಲವಲ್ರೀ."

ತಣ್ಣನೆಯ ಗಾಳಿಯೊಂದು ಮೈದಾನವನ್ನು ದಾಟಿತು. ಎಲ್ಲರೂ ಮೇಲೆ ನೋಡಿದರು. ಅರ್ಧ ಆಕಾಶ ಆಗಲೇ ಮಾಯವಾಗಿತ್ತು. ತಿಂಗಳುಗಟ್ಟಲೆ ಊರೆಲ್ಲ ಹಂಬಲಿಸಿದ್ದ ಮೋಡ, ಗುಡ್ಡದಂತೆ ದಪ್ಪನಾದ ಮೋಡ, ಬಂದೇ ಬಿಟ್ಟಿತ್ತು.

"ಥೂ, ಇದಕ್ಕೆ ಈಗಲೇ ಬರಬೇಕಿತ್ತಾ!" ಎಂದಳು ಕೊಡ ಹಿಡಿದು ನಿಂತ ಒಬ್ಬ ಹೆಂಗಸು.

"ಇನ್ನೂ ನಮ್ಮ ಮನೆಯವರು ನೋಡಿಲ್ಲ!"

"ಆಚೆ ಹೋಗೋ!" ಎಂದು ಹಂಡೆಯವರು ಮೋಡಕ್ಕೆ ಹಂಡೆ ಬಡಿದು ಬೆದರಿಸಿದರು.

ಮೋಡ ಬೆದರಲಿಲ್ಲ, ಸುರಿಯಿತು. ಕೊಡ ಬಕೆಟ್ಟುಗಳು ತಾವಾಗಿ ತುಂಬತೊಡಗಿದವು, ಅವುಗಳ ಕಡೆ ಯಾರೂ ನೋಡಲಿಲ್ಲ. ಕೊಡೆಗಳು ಬಿಚ್ಚಿಕೊಂಡವು, ಆದರೆ ಸಾಲು ಮಾತ್ರ ಕದಲಲಿಲ್ಲ. ಜಾಗ ಬಿಟ್ಟರೆ ಹಿಂದಿನವರು ನುಗ್ಗುತ್ತಾರೆಂಬ ಭಯ ಎಲ್ಲರಿಗೂ. ಹೆಂಡತಿ ತನ್ನ ಕೊಡೆಯನ್ನು ದುರ್ಬೀನಿಗೆ ಹಿಡಿದಳು. ಗಂಡ ಅದರ ಪಕ್ಕದಲ್ಲಿ ನೀರಿಳಿಸಿಕೊಳ್ಳುತ್ತ ನಿಂತ.

ಸಾಹೇಬರು ಬಾಗಿದವರು ಬಾಗಿದಂತೆಯೇ ಇದ್ದರು. ರೈನ್‌ಕೋಟು ಎಲ್ಲಿ ಬಿತ್ತೋ, ಕೂದಲಿಂದ ಮೂಗಿಗೆ, ಮೂಗಿನಿಂದ ಮೀಸೆಗೆ ನೀರು ಇಳಿಯುತ್ತಿತ್ತು. ಜಲಾಶಯ ತುಂಬುವ ಮಳೆ ಇದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಮೈದಾನದಲ್ಲಿರಲಿಲ್ಲ. ಆದರೂ ಅವರು ಸಿಟ್ಟಿನಿಂದ ತಲೆ ಎತ್ತಿದರು.

"ರೀ, ಈ ಹಾಳು ಮಳೆ ನಿಲ್ಲಿಸೋದಕ್ಕೆ ಏನು ಮಾಡ್ಬೇಕ್ರೀ?"

ಪ್ರಶ್ನೆ ಕೇಳಿದರೆ ದೂರಣ್ಣನಿಗೆ ಸುಮ್ಮನಿರಲು ಆಗುವುದುಂಟೇ?

"ದುರ್ಬೀನು ಒಳಗಿಟ್ಟುಬಿಟ್ರೆ ನಿಲ್ಲುತ್ತೆ, ಸಾರ್."

"ಒಳಗಿಟ್ರೆ ನಾನು ನೋಡೋದು ಹೇಗ್ರೀ?"

ಹಿಂದಿದ್ದ ಸಾವಿರ ಕೊಡೆಗಳೂ ಉತ್ತರಕ್ಕಾಗಿ ದೂರಣ್ಣನ ಕಡೆ ವಾಲಿದವು.